ಮುಟ್ಟುವ ಮುನ್ನ ಒಂದು ಮಾತು

‘ನಮ್ಮಲ್ಲಿ ಅಂಥದೆಲ್ಲ ಇಲ್ಲ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇರುವಷ್ಟು ಚಲಾವಣೆ ಬೇರೆ ಯಾವ ಮಾತಿಗೂ ಇಲ್ಲವೇನೋ. ವರದಕ್ಷಿಣೆಯ ಪ್ರಸ್ತಾಪ ಬಂದರೆ ಈ ಮಾತು. ಸೊಸೆಗೆ ಹೊಡೆಯುವ ಪ್ರಸ್ತಾಪ ಬಂದರೆ ಈ ಮಾತು. ಮನೆಯೊಳಗೆ, ಮನೆಯವರ ಕೈಯಿಂದಲೇ, ಏಳೆಂಟು ವರ್ಷದ ಹುಡುಗಿಯರ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಪ್ರಸ್ತಾಪ ಬಂದರಂತೂ ಪ್ರಶ್ನೆ ಮುಗಿಯುವ ಮೊದಲೇ ಈ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರದೊಡನೆ ಜಗಳವಾಡಲು ಬೇರೆ ಸಂದರ್ಭಗಳಿವೆ. ಈಗ ನಾನು ಕೇಳಹೊರಟಿರುವುದು ಅದರ ಮುಂದಿನ ಪ್ರಶ್ನೆಯನ್ನು. ಆ ಹುಡುಗಿ ಬೆಳೆಯುತ್ತಾಳೆ. ಓದುತ್ತಾಳೆ, ಮದುವೆಯಾಗುತ್ತಾಳೆ, ಬಸುರಿಯಾಗುತ್ತಾಳೆ. ಹಸಿರು ಸೀರೆ ಉಟ್ಟು, ಹೂ ಮುಡಿದು ಸೀಮಂತದ ಹಸೆಯ ಮೇಲೆ ಕೂರುತ್ತಾಳೆ. ಆ ಒಂಬತ್ತು ತಿಂಗಳ ಉದ್ದಕ್ಕೂ, ಆಮೇಲೆ ಹೆರಿಗೆಯ ಮಂಚದ ಮೇಲೆ, ಯಾರು ಯಾರೋ ಬಂದು ಅವಳ ಮೈಯನ್ನು ಮುಟ್ಟುತ್ತಾರೆ. ಆಗ ಅವಳಿಗೆ ಏನಾಗುತ್ತದೆ? ಏನಾದರೂ ಆಗುತ್ತದೆ ಎಂಬುದನ್ನಾದರೂ ನಮ್ಮ ಆಸ್ಪತ್ರೆಗಳು ಬಲ್ಲವೆ?

ಇಂಥವರು ಎಷ್ಟು ಮಂದಿ ಇದ್ದಾರು ಎಂದು ಹುಬ್ಬೇರಿಸುವವರಿಗೆ ಒಂದು ಸರ್ಕಾರಿ ಪುಸ್ತಕವನ್ನು ತೋರಿಸಬಯಸುತ್ತೇನೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಆ ಮಕ್ಕಳಲ್ಲಿ ನೂರಕ್ಕೆ 53ಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆಯನ್ನು ಕಂಡವರು. ಐವರಲ್ಲಿ ಒಬ್ಬರು ಅದರ ಘೋರ ರೂಪವನ್ನೇ ಕಂಡವರು. ಹಿಂಸೆ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಈ ಪುಸ್ತಕ ಬಂದಾಗ ಪತ್ರಿಕೆಗಳಲ್ಲಿ ಒಂದು ವಾರ ಗದ್ದಲವಾಗಿ ತಣ್ಣಗಾಯಿತು. ಆದರೆ ಅಂದು ಐದರಿಂದ ಹದಿನೆಂಟರ ಒಳಗಿದ್ದ ಆ ಮಕ್ಕಳ ವಯಸ್ಸನ್ನು ಈಗ ಲೆಕ್ಕ ಹಾಕಿ ನೋಡಿ. ಇಪ್ಪತ್ತರ ನಡುವಿನಿಂದ ಮೂವತ್ತರ ಕೊನೆಯವರೆಗೆ ಬರುತ್ತದೆ. ನಮ್ಮ ಪ್ರಸೂತಿಗೃಹಗಳ ಬೆಂಚುಗಳ ಮೇಲೆ ಕಾರ್ಡು ಹಿಡಿದು ಕುಳಿತಿರುವವರು ಅವರೇ. (ಆ ಅಧ್ಯಯನದಲ್ಲಿ ಹುಡುಗರ ಪಾಲು ಹುಡುಗಿಯರಷ್ಟೇ ಇತ್ತು. ಅವರು ಈಗ ಹೊರಗಿನ ಕಾರಿಡಾರಿನಲ್ಲಿ ನಿಂತಿರುವ ಗಂಡಂದಿರು. ಅವರ ಕಥೆ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ.)

ಹಿಂದೆ ಹೆರಿಗೆ ಮನೆಯ ಕತ್ತಲ ಕೋಣೆಯಲ್ಲಿ ಆಗುತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಇದು ಸಂತೋಷದ ವಿಷಯ. ಇದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. 2004-06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರನ್ನು ಕಳೆದುಕೊಳ್ಳುತ್ತಿದ್ದ ನಮ್ಮ ರಾಜ್ಯ 2018-20ರಲ್ಲಿ 69ಕ್ಕೆ ಇಳಿಯಿತು. ಆ ಉಳಿದ ಜೀವಗಳ ಹಿಂದೆ ವೈದ್ಯರ, ದಾದಿಯರ, ಆಶಾ ಕಾರ್ಯಕರ್ತೆಯರ ದುಡಿಮೆಯಿದೆ. ಆದರೆ ಪ್ರಾಣ ಉಳಿಸಿದೆವು ಎಂಬ ಒಂದೇ ಕಾರಣಕ್ಕೆ ಉಳಿದ ಯಾವ ಪ್ರಶ್ನೆಯನ್ನೂ ಕೇಳಕೂಡದು ಎಂಬ ಧೋರಣೆ ಆಸ್ಪತ್ರೆಯ ಗೋಡೆಗಳಿಂದ ನಮ್ಮ ಸಂಸಾರಗಳ ಒಳಕ್ಕೂ ಹರಿದುಬಂದಿದೆ. ‘ತಾಯಿ ಮಗು ಕ್ಷೇಮ’ ಎಂಬ ಸುದ್ದಿ ಬಂದ ಮೇಲೆ ಮತ್ತೇನನ್ನಾದರೂ ಕೇಳುವ ಹೆಣ್ಣು ಕೃತಘ್ನಳು ಎನಿಸಿಕೊಳ್ಳುತ್ತಾಳೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮೊದಲ ಹೆರಿಗೆಯನ್ನು ಕುರಿತು ಹೇಳಿದ್ದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹತ್ತು ವರ್ಷದವಳಾಗಿದ್ದಾಗ ಅವಳ ಮನೆಗೆ ಓದಲು ಬಂದಿದ್ದ ಬಂಧುವೊಬ್ಬ ಎರಡು ವರ್ಷ ಅವಳನ್ನು ಹಿಂಸಿಸಿದ್ದ. ಮದುವೆಯಾಗಿ, ಗಂಡ ಒಳ್ಳೆಯವನಾಗಿ, ಎಲ್ಲ ಮರೆತೆನೆಂದೇ ಅವಳು ನಂಬಿದ್ದಳು. ಹೆರಿಗೆಯ ಕೋಣೆಯಲ್ಲಿ ಕಾಲುಗಳನ್ನು ಮೇಲೆತ್ತಿ ಕಟ್ಟಿದರು. ಹೆಸರು ಹೇಳದ ಒಬ್ಬರು ಬಂದು, ಏನು ಮಾಡುತ್ತೇನೆಂದು ಹೇಳದೆ, ಒಳಗೆ ಕೈಯಿಟ್ಟು ಪರೀಕ್ಷಿಸಿದರು. ಅವಳು ಮೈ ಬಿಗಿಹಿಡಿದಾಗ ಬಂದ ಮಾತು ಇದು: ‘ಸುಮ್ಮನಿರು, ಏನೂ ಆಗಲ್ಲ. ಸಡಿಲ ಬಿಡು. ಬೇಗ ಮುಗಿದುಹೋಗುತ್ತೆ.’ ಆ ದಾದಿ ಕೆಟ್ಟವಳಾಗಿರಲಿಲ್ಲ, ಸಮಾಧಾನ ಹೇಳುತ್ತಿದ್ದಳು. ಆದರೆ ಇಪ್ಪತ್ತು ವರ್ಷಗಳ ಹಿಂದೆ ಮಹಡಿಯ ಕೋಣೆಯಲ್ಲಿ ಆ ಬಂಧು ಆಡಿದ್ದೂ ಅಕ್ಷರಶಃ ಅದೇ ಮಾತು, ಅದೇ ಕ್ರಮದಲ್ಲಿ. ಅಲ್ಲಿಂದ ಮುಂದಿನ ಆರು ಗಂಟೆಗಳು ತನಗೆ ನೆನಪಿಲ್ಲ ಎಂದು ಅವಳು ಹೇಳಿದಳು. ಮಗು ಹುಟ್ಟಿದ್ದು ನೆನಪಿಲ್ಲ. ಕೋಣೆಯ ಮೂಲೆಯಲ್ಲಿ ನಿಂತು ಮಂಚದ ಮೇಲಿದ್ದ ಯಾರನ್ನೋ ನೋಡುತ್ತಿದ್ದಂತೆ ಇತ್ತಂತೆ. ದಾದಿಯರು ಹೊರಗೆ ಬಂದು ತಾಯಿಗೆ, ‘ನಿಮ್ಮ ಮಗಳು ಬಹಳ ಜಾಣೆ, ಒಂದು ಸಲ ಕೂಡ ಕಿರುಚಲಿಲ್ಲ’ ಎಂದು ಹೊಗಳಿದರಂತೆ.

ಇದು ಒಬ್ಬಳ ಮನಸ್ಸಿನ ವಿಚಿತ್ರವೆಂದು ಭಾವಿಸಬೇಡಿ. ಅಮೆರಿಕದ ಪೆನ್ನಿ ಸಿಮ್‌ಕಿನ್ ಮತ್ತು ಫಿಲಿಸ್ ಕ್ಲಾಸ್ ಎಂಬಿಬ್ಬರು 2004ರಲ್ಲಿ ಇದೇ ವಿಷಯವಾಗಿ ಒಂದು ಇಡೀ ಗ್ರಂಥವನ್ನು ಬರೆದರು. 2011ರಲ್ಲಿ ಆ ದೇಶದ ಪ್ರಸೂತಿತಜ್ಞರ ಸಂಘವೇ ತನ್ನ ಸದಸ್ಯರಿಗೆ ಇದನ್ನು ಕುರಿತು ಸಲಹಾಪತ್ರ ಹೊರಡಿಸಿತು. ಬಾಲ್ಯದ ಹಿಂಸೆಯನ್ನು ಬುದ್ಧಿ ಮರೆತರೂ ಮೈ ಮರೆಯದಿರಬಹುದು. ಮಲಗಿಸಿದ ಭಂಗಿ, ಮೇಲಿನಿಂದ ಬಾಗಿ ನೋಡುವ ಮುಖ, ಕೈಗವಸಿನ ವಾಸನೆ, ಬಾಗಿಲ ಚಿಲಕದ ಸದ್ದು, ಇಷ್ಟು ಸಾಕು. ಕೆಲವರು ಒದೆಯುತ್ತಾರೆ, ಮಂಚದಿಂದ ಇಳಿದು ಓಡಲು ನೋಡುತ್ತಾರೆ. ಅವರಿಗೆ ‘ಸಹಕರಿಸದ ರೋಗಿ’ ಎಂಬ ಹೆಸರು ಬೀಳುತ್ತದೆ. ಕೆಲವರು ಕಲ್ಲಾಗುತ್ತಾರೆ, ಅವರಿಗೆ ‘ಜಾಣೆ’ ಎಂಬ ಹೆಸರು. ಎರಡೂ ಒಂದೇ ಭಯದ ಎರಡು ಮುಖ. ಭಯ ಹೆಚ್ಚಾದಾಗ ರಕ್ತಕ್ಕೆ ಇಳಿಯುವ ಅಡ್ರಿನಲಿನ್ ಗರ್ಭಕೋಶದ ಸಂಕೋಚನವನ್ನು ಕುಗ್ಗಿಸಬಹುದೆಂಬುದನ್ನು ವೈದ್ಯರೂ ಬಲ್ಲರು. ಹೀಗೆ ಹೆರಿಗೆ ನಿಧಾನವಾಗುತ್ತದೆ. ನಿಧಾನವಾಯಿತೆಂದು ಮತ್ತೆ ಮತ್ತೆ ಪರೀಕ್ಷೆ. ಪರೀಕ್ಷೆಯಿಂದ ಇನ್ನಷ್ಟು ಭಯ. ಹೆರಿಗೆಯಾದ ಮೇಲೆ ಎದೆಹಾಲು ಕುಡಿಸುವುದನ್ನು ಕಲಿಸಲು ಬಂದವರು ಕೇಳದೆ ಎದೆಗೆ ಕೈಹಾಕುತ್ತಾರೆ. ಅವಳು ಮುಖ ತಿರುಗಿಸಿದರೆ ‘ತಾಯ್ತನದ ಮಮತೆಯೇ ಇಲ್ಲ’ ಎಂಬ ತೀರ್ಪು. ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಇಂಥ ಬಾಲ್ಯವನ್ನು ಕಳೆದೂ ನಿರಾತಂಕವಾಗಿ ಹೆತ್ತವರಿದ್ದಾರೆ. ತನ್ನ ಮೈ ತನ್ನದೇ ಎಂಬ ಧೈರ್ಯವನ್ನು ಮೊದಲ ಬಾರಿಗೆ ಹೆರಿಗೆಯಲ್ಲೇ ಪಡೆದವರೂ ಇದ್ದಾರೆ. ಆ ಧೈರ್ಯ ಸಿಕ್ಕಲ್ಲೆಲ್ಲ ವಿಚಾರಿಸಿ ನೋಡಿದರೆ, ಪಕ್ಕದಲ್ಲಿ ಅವಳ ಮಾತನ್ನು ಕೇಳಿದ ಒಬ್ಬರು ಇದ್ದೇ ಇರುತ್ತಾರೆ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಭಾಷೆಯ ಮಾತು ಬಾರದೆ ಇರದು. ನಮ್ಮ ನುಡಿಯಲ್ಲಿ ಈ ಹಿಂಸೆಗೆ ಮನೆಯಲ್ಲಿ ಆಡಬಹುದಾದ ಒಂದು ಹೆಸರಿಲ್ಲ. ‘ಲೈಂಗಿಕ ದೌರ್ಜನ್ಯ’ ಎಂಬುದು ಪತ್ರಿಕೆಯ ಪದ, ನ್ಯಾಯಾಲಯದ ಪದ. ಅದನ್ನು ಯಾವ ಮಗಳೂ ಅಡಿಗೆಮನೆಯಲ್ಲಿ ನಿಂತು ತಾಯಿಗೆ ಹೇಳಲಾರಳು. ಮನೆಮಾತಿನಲ್ಲಿ ಇರುವವು ‘ಕೆಡಿಸಿದ’, ‘ಹಾಳುಮಾಡಿದ’, ‘ಮಾನ ತೆಗೆದ’. ವ್ಯಾಕರಣವನ್ನು ಗಮನಿಸಿ. ಕೆಡಿಸಿದವನು ಅವನು, ಕೆಟ್ಟವಳು ಅವಳು. ಕ್ರಿಯೆ ಅವನದಾದರೂ ಆ ಕ್ರಿಯೆಯಿಂದ ಹುಟ್ಟಿದ ವಿಶೇಷಣ ಶಾಶ್ವತವಾಗಿ ಅವಳ ಹೆಸರಿಗೆ ಅಂಟಿಕೊಳ್ಳುತ್ತದೆ. ಹಾಗಿರುವಾಗ ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಅವಳನ್ನು ಕೇಳುವ ಹಕ್ಕು ನಮಗೆಲ್ಲಿಂದ ಬಂತು? ಹೇಳಬೇಕಾದರೆ ಮೊದಲು ತನ್ನನ್ನೇ ಕೆಟ್ಟವಳೆಂದು ಕರೆದುಕೊಳ್ಳಬೇಕಾದ ಭಾಷೆಯನ್ನು ಕೊಟ್ಟವರು ನಾವೇ.

ಇನ್ನೂ ಒಂದು ಪದವಿದೆ: ‘ಮುಟ್ಟು’. ಸ್ಪರ್ಶಕ್ಕೂ ಅದೇ ಪದ, ಹೆಣ್ಣಿನ ತಿಂಗಳ ದಿನಗಳಿಗೂ ಅದೇ ಪದ. ಮುಟ್ಟುವ ವಿಷಯದಲ್ಲಿ ನಮ್ಮಷ್ಟು ಕಟ್ಟಳೆಗಳನ್ನು ಮಾಡಿಕೊಂಡ ಜನ ಲೋಕದಲ್ಲಿ ಅಪರೂಪ. ಮಡಿ, ಮೈಲಿಗೆ, ಪುರುಡು, ಸೂತಕ. ಯಾರು ಯಾರನ್ನು ಯಾವಾಗ ಮುಟ್ಟಬಾರದು, ಮುಟ್ಟಿದರೆ ಏನು ತೊಳೆಯಬೇಕು ಎಂಬುದಕ್ಕೆಲ್ಲ ನಿಯಮಗಳುಂಟು. ಇಷ್ಟು ನಿಯಮಗಳಲ್ಲಿ ಒಂದೇ ಒಂದು ಇಲ್ಲ: ಮುಟ್ಟಿಸಿಕೊಳ್ಳುವವಳ ಒಪ್ಪಿಗೆ ಕೇಳಬೇಕೆಂಬುದು. ಮುಟ್ಟುವವರ ಶುದ್ಧಿಯೊಂದೇ ನಮ್ಮ ಲೆಕ್ಕಕ್ಕೆ ಬಂದದ್ದು. ಆಸ್ಪತ್ರೆ ಈ ಮಡಿಯನ್ನು ಬಿಟ್ಟಿತೆಂದು ನಾವು ತಿಳಿದಿದ್ದೇವೆ. ಅಲ್ಲಿ ಕೈಗವಸು ಬಂತು, ಕ್ರಿಮಿನಾಶಕ ಬಂತು. ಅವು ಬರಲೇಬೇಕಾಗಿತ್ತು, ಜೀವ ಉಳಿಸಿದ್ದೂ ಅವೇ. ಆದರೆ ಕೇಳಿ ಮುಟ್ಟುವ ಅಭ್ಯಾಸ ಹಳೆಯ ಮಡಿಯಲ್ಲೂ ಇರಲಿಲ್ಲ, ಹೊಸ ಮಡಿಯಲ್ಲೂ ಸೇರಲಿಲ್ಲ.

ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಅಂಥವರ ಕೈಗುಣದ ಮುಂದೆ ತಲೆಬಾಗುತ್ತೇನೆ. ಆದರೆ ಎಲ್ಲ ಊರಿಗೂ ಒಬ್ಬ ನರಸಮ್ಮ ಇರಲಿಲ್ಲ. ರಕ್ತಸ್ರಾವ ನಿಲ್ಲದೆ ಸತ್ತವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಅವರಲ್ಲಿದ್ದ ಒಂದನ್ನು ಮಾತ್ರ ಎತ್ತಿ ತೋರಿಸುತ್ತೇನೆ. ಸೂಲಗಿತ್ತಿ ಅಪರಿಚಿತಳಾಗಿರಲಿಲ್ಲ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದು ಒಳಗೆ ಬರುತ್ತಿದ್ದಳು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಹೆಸರು ಕೇಳುವವರು ದುಡ್ಡು ಕಟ್ಟಿಸಿಕೊಳ್ಳುವ ಕಿಟಕಿಯವರು ಮಾತ್ರ.

ವೈದ್ಯಮಿತ್ರರಿಗೆ ಈ ಮಾತುಗಳನ್ನು ಹೇಳಿದರೆ ಮೊದಲು ಬರುವ ಉತ್ತರ ‘ಸಮಯವೆಲ್ಲಿದೆ?’ ಎಂಬುದು. ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಕಂಡವರು ಈ ಉತ್ತರವನ್ನು ಲಘುವಾಗಿ ತಳ್ಳಿಹಾಕಲಾರರು. ಒಂದು ರಾತ್ರಿಯ ಪಾಳಿಯಲ್ಲಿ ಇಬ್ಬರು ದಾದಿಯರು ಎಷ್ಟು ಮಂದಿಯನ್ನು ನೋಡಿಕೊಂಡಾರು? ಆದರೆ ಕೇಳುತ್ತಿರುವುದಾದರೂ ಎಷ್ಟು? ‘ನಾನು ಇಂಥವಳು. ಮಗು ಎಷ್ಟು ಕೆಳಗೆ ಬಂದಿದೆ ಎಂದು ಒಳಗೆ ಕೈಯಿಟ್ಟು ನೋಡಬೇಕು. ನೋಡಲೆ? ಬೇಡವೆನಿಸಿದರೆ ಕೈ ಎತ್ತಿ, ನಿಲ್ಲಿಸುತ್ತೇನೆ.’ ಇಷ್ಟನ್ನು ಹೇಳಲು ಹತ್ತು ಸೆಕೆಂಡು ಬೇಕು. ಅವಳು ಕೈ ಎತ್ತಿದಾಗ ನಿಜವಾಗಿ ನಿಲ್ಲಿಸಲು ಇನ್ನೊಂದು ಹತ್ತು. ಸೊಂಟದ ಕೆಳಗೆ ಒಂದು ಹೊದಿಕೆ. ಬೆನ್ನ ಮೇಲೆ ಮಲಗಲಾರದವಳು ಎಡ ಮಗ್ಗುಲಾದರೂ ಪರೀಕ್ಷೆ ಸಾಧ್ಯ. ಬಾಗಿಲು ತೆರೆದಿರಲೋ ಮುಚ್ಚಿರಲೋ ಎಂದು ಅವಳನ್ನೇ ಕೇಳಬಹುದು. ಮುಚ್ಚಿದ ಬಾಗಿಲೇ ಕೆಲವರ ಭಯ, ತೆರೆದ ಬಾಗಿಲು ಕೆಲವರದು. ಇದಕ್ಕೆಲ್ಲ ಹೊಸ ಯಂತ್ರ ತರಿಸಬೇಕಾಗಿಲ್ಲ, ಟೆಂಡರು ಕರೆಯಬೇಕಾಗಿಲ್ಲ. ತುರ್ತು ಬಂದಾಗ ಎಲ್ಲವನ್ನೂ ಕೇಳುತ್ತ ಕೂರಲಾಗದೆಂಬುದು ನಿಜ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ ಕೈ ಓಡಬೇಕು. ಆಗಲೂ ಬಾಯಿ ಬಿಡುವಾಗಿಯೇ ಇರುತ್ತದಲ್ಲ. ಏನು ಮಾಡುತ್ತಿದ್ದೇನೆಂದು ಹೇಳುತ್ತ ಮಾಡಬಹುದು.

ಇವೆಲ್ಲ ನನ್ನ ಕಲ್ಪನೆಯ ಬೇಡಿಕೆಗಳೂ ಅಲ್ಲ. ಹೆರುವವಳ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿತು. 2017ರ ಕೊನೆಯಲ್ಲಿ ‘ಲಕ್ಷ್ಯ’ ಎಂಬ ಯೋಜನೆ ಬಂದು ಗೌರವದ ಹೆರಿಗೆಸೇವೆಯನ್ನು ಅಳೆಯುವ ಮಾನದಂಡಗಳನ್ನು ತಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಎಲ್ಲ ಸರಿಯಾಗಿ ಸಾಗುತ್ತಿರುವ ಹೆರಿಗೆಯ ಮೊದಲ ಹಂತದಲ್ಲಿ ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕೆಂದೂ, ಒಂದೇ ಹೊತ್ತಿನಲ್ಲಿ ಹಲವರು ಪರೀಕ್ಷಿಸುವುದನ್ನು ತಪ್ಪಿಸಬೇಕೆಂದೂ ಹೇಳಿತು. ಕೊನೆಯ ಮಾತನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಗಮನವಿಟ್ಟು ಓದಬೇಕು. ವಿದ್ಯಾರ್ಥಿಗಳು ಕಲಿಯಬೇಕು, ಸರಿ. ಆದರೆ ಬಡವಳ ಮೈ ಕರಿಹಲಗೆಯಲ್ಲ. ಅವಳನ್ನು ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ಒಪ್ಪದವಳನ್ನು ಬಿಟ್ಟರೆ ವಿದ್ಯಾರ್ಥಿ ಕಲಿಯುವ ಪಾಠ ಕಡಿಮೆಯದಲ್ಲ. ಸುತ್ತೋಲೆಗಳು ಬಂದಿವೆ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿಯೂ ಇದ್ದಾರೆ. ಅದೇ ಗೋಡೆಯ ಕೆಳಗೆ ‘ಆಗ ಇಲ್ಲದ ನೋವು ಈಗ ಬಂತೇನೆ?’ ಎಂಬ ಹಳೆಯ ಹೀಯಾಳಿಕೆ ಇನ್ನೂ ಕೇಳಿಬರುತ್ತದೆ. ಬಾಲ್ಯದಲ್ಲಿ ಹಿಂಸೆ ಕಂಡವಳ ಕಿವಿಗೆ ಆ ಪ್ರಶ್ನೆ ಹೇಗೆ ಬೀಳುತ್ತದೆಂದು, ಅದನ್ನು ತಮಾಷೆಯೆಂದುಕೊಂಡವರು ಒಮ್ಮೆ ಯೋಚಿಸಲಿ.

ವೈದ್ಯರ ಕೈ ಗುಣಪಡಿಸುವ ಕೈ, ಅದು ಹೇಗೆ ಹಿಂಸೆಯಾದೀತು ಎಂದು ನೊಂದುಕೊಳ್ಳುವವರೂ ಉಂಟು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ವೈದ್ಯರೇ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಅವರ ಘನತೆಗೆ ಭಂಗವೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಆಮೇಲೂ ಅದು ನಿಲ್ಲದ್ದರಿಂದ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಮತ್ತೆ ಹೇಳಬೇಕಾಯಿತು. ಹೆರಿಗೆಯ ಪರೀಕ್ಷೆ ಅದರಂಥದಲ್ಲ, ಅದಕ್ಕೆ ಪ್ರಯೋಜನವುಂಟು. ಆದರೆ ಬಿಳಿಯ ಕೋಟಿನೊಳಗಿನ ಕೈಯೂ ಹಳೆಯ ಗಾಯವನ್ನು ಕೆದಕಬಲ್ಲದೆಂಬುದು ಇನ್ನು ವಾದಕ್ಕೆ ಉಳಿದ ವಿಷಯವಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರೆಂದೇ ಎಣಿಸಬಹುದಾದ ಕೆಲವರೊಡನೆಯೂ ನಾನು ಜಗಳವಾಡಬೇಕಾಗಿದೆ. ಬಸುರಿಯ ಕಾರ್ಡಿನಲ್ಲಿ ಒಂದು ಕಾಲಂ ಸೇರಿಸಿಬಿಡೋಣ, ‘ಬಾಲ್ಯದಲ್ಲಿ ಲೈಂಗಿಕ ಹಿಂಸೆ: ಹೌದು, ಇಲ್ಲ’ ಎಂದು ಗುರುತು ಹಾಕಿಸೋಣ, ಹೌದೆಂದವರಿಗೆ ವಿಶೇಷ ಸೇವೆ ಕೊಡೋಣ ಎನ್ನುತ್ತಾರೆ ಇವರು. ಉದ್ದೇಶ ಒಳ್ಳೆಯದು. ಹೊರದೇಶಗಳಲ್ಲಿ ಏಕಾಂತದಲ್ಲಿ, ತರಬೇತಿ ಪಡೆದವರು ಹೀಗೆ ಕೇಳುವ ಪದ್ಧತಿಯೂ ಇದೆ. ಆದರೆ ನಮ್ಮ ಹೊರರೋಗಿ ವಿಭಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಮೇಜಿಗೆ ಇಬ್ಬರು ರೋಗಿಗಳು, ಬೆನ್ನ ಹಿಂದೆ ಹತ್ತು ಮಂದಿ, ಪಕ್ಕದಲ್ಲಿ ಅತ್ತೆ, ಕಾರ್ಡು ಗಂಡನ ಜೇಬಿನಲ್ಲಿ. ಅಲ್ಲಿ ಈ ಪ್ರಶ್ನೆ ಕೇಳುವುದು ಇನ್ನೊಂದು ಹಿಂಸೆ. ಅವಳು ‘ಇಲ್ಲ’ ಎನ್ನುತ್ತಾಳೆ. ಇಲ್ಲವೆಂದವಳಿಗೆ ಹಳೆಯ ಒರಟುತನವೇ ಗತಿ. ನೋವಿನ ಕಥೆಯನ್ನು ಶುಲ್ಕವಾಗಿ ಕಟ್ಟಿದವಳಿಗೆ ಮಾತ್ರ ಮರ್ಯಾದೆ ಸಿಗುವ ಏರ್ಪಾಡು ಇದು. ನನ್ನ ವಾದ ಸರಳವಾದದ್ದು. ಯಾರಿಗೆ ಏನಾಗಿದೆಯೆಂದು ತಿಳಿಯುವ ಅಗತ್ಯವೇ ಇಲ್ಲದಂತೆ, ಹೆರಲು ಬಂದ ಪ್ರತಿಯೊಬ್ಬಳನ್ನೂ ಕೇಳಿಯೇ ಮುಟ್ಟಿ. ಹಿಂಸೆ ಕಂಡವಳು ಬಾಯಿ ಬಿಡದೆಯೇ ರಕ್ಷಣೆ ಪಡೆಯುತ್ತಾಳೆ. ಕಾಣದವಳಿಗೆ ಅದರಿಂದ ನಷ್ಟವೇನೂ ಇಲ್ಲ. ತಾನಾಗಿಯೇ ಹೇಳಿದವಳ ಮಾತನ್ನು ನಂಬಿ ಕೇಳಿ, ‘ಹೇಳಿದ್ದು ಒಳ್ಳೆಯದಾಯಿತು, ನಿಮಗೆ ಯಾವುದು ಕಷ್ಟವಾಗುತ್ತದೆ, ನಾವೇನು ಮಾಡಬೇಕು?’ ಎಂದು ಕೇಳಿದರೆ ಸಾಕು. ಯಾರು, ಎಲ್ಲಿ, ಎಷ್ಟು ಸಲ ಎಂಬ ವಿಚಾರಣೆ ಹೆರಿಗೆಯ ಕೋಣೆಯ ಕೆಲಸವಲ್ಲ.

ಕಾನೂನಿನ ತೊಡಕೂ ಒಂದಿದೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಅಪರಾಧ ನಡೆದದ್ದು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಹದಿನೆಂಟು ತುಂಬದ ಬಸುರಿ ಆಸ್ಪತ್ರೆಗೆ ಬಂದಳೆಂದರೆ ವೈದ್ಯರ ಮೇಲೆ ಈ ಹೊಣೆ ಬೀಳುತ್ತದೆ. ಮದುವೆಯಾದವಳೆಂಬ ನೆಪವೂ 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಹೋಯಿತು. ನಮ್ಮ ರಾಜ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ: ಅದೇ 2019-21ರ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಂಗಸರಲ್ಲಿ ಐವರಿಗೆ ಒಬ್ಬಳಿಗಿಂತ ಹೆಚ್ಚು ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು. ಅವರಲ್ಲಿ ಹಲವರಿಗೆ ಬಾಲ್ಯವೂ ಬಸುರೂ ಒಂದೇ ವರ್ಷದಲ್ಲಿ ಬರುತ್ತವೆ. ಪೋಲೀಸರ ಭಯಕ್ಕೆ ಅವರು ಆಸ್ಪತ್ರೆಯನ್ನೇ ತಪ್ಪಿಸಿಕೊಂಡರೆ ಕಾಯಿದೆ ಕಾಪಾಡಿದ್ದು ಯಾರನ್ನು? ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯು, ಅವಳ ಪೋಷಕರು ಕೋರಿದರೆ, ವೈದ್ಯರು ಪೋಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಗುರುತು ಹೇಳಬೇಕಾಗಿಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ದಾರಿ ತೋರಿಸಿತು. ಹೆರಲು ಬಂದವಳಿಗೂ ಅಂಥ ಒಂದು ದಾರಿಯನ್ನು ಶಾಸನಸಭೆ ಯೋಚಿಸಬಾರದೇಕೆ?

ಹೆರಿಗೆಯೊಂದಿಗೆ ವಿಷಯ ಮುಗಿಯುವುದೂ ಇಲ್ಲ. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಾಯಿ ತೆರೆಯಲಾರದೆ ವರ್ಷಗಟ್ಟಲೆ ಹಲ್ಲುನೋವು ಸಹಿಸುವವರಿದ್ದಾರೆ. ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಗೆ ನಲವತ್ತಾದರೂ ಹೋಗದವರಿದ್ದಾರೆ. ಅವರನ್ನು ‘ತಿಳಿವಳಿಕೆ ಇಲ್ಲದವರು’ ಎಂದು ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ಗದರಿಸುತ್ತವೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಗೆ ಹೆಂಗಸು ತಾನೇ ಮಾದರಿ ತೆಗೆದುಕೊಳ್ಳಬಹುದೆಂದು ಒಪ್ಪಿತು. ಪರದೆಯ ಹಿಂದೆ, ತನ್ನ ಕೈಯಿಂದಲೇ, ಯಾರ ಎದುರೂ ಕಾಲು ಚಾಚದೆ. ಇಂಥದೊಂದು ಅನುಕೂಲವನ್ನು ಭಿತ್ತಿಪತ್ರದಲ್ಲಿ ಅಚ್ಚುಹಾಕಿಸಿದರೆ ಗದರಿಕೆಗಿಂತ ಹೆಚ್ಚು ಕೆಲಸ ಮಾಡೀತು.

ಸಹಾಯ ಬೇಕೆನ್ನುವವರಿಗೆ ದಾರಿಯೇ ಇಲ್ಲವೆಂದಲ್ಲ. ದೆಹಲಿಯಲ್ಲಿ 1996ರಲ್ಲಿ ಹುಟ್ಟಿದ ‘ರಾಹಿ’ ಎಂಬ ಸಂಸ್ಥೆ ಬಾಲ್ಯದಲ್ಲಿ ಮನೆಯವರಿಂದಲೇ ಹಿಂಸೆಗೆ ಒಳಗಾಗಿ ಬೆಳೆದ ಹೆಂಗಸರಿಗೆಂದೇ ಮೀಸಲಾಯಿತು. ಬೆಂಗಳೂರಿನಲ್ಲಿ ‘ಎನ್‌ಫೋಲ್ಡ್’ ಸಂಸ್ಥೆಯನ್ನು ಕಟ್ಟಿದವರು ಇಬ್ಬರು ಸ್ತ್ರೀರೋಗತಜ್ಞೆಯರು. ನಿಮ್ಹಾನ್ಸಿನಲ್ಲಿ 2009ರಲ್ಲಿ ತೆರೆದ ತಾಯಿ-ಮಗು ಘಟಕದಲ್ಲಿ, ಹೆರಿಗೆಯ ನಂತರ ಮನಸ್ಸು ಕೆಟ್ಟ ತಾಯಿಯನ್ನು ಕೂಸಿನಿಂದ ಅಗಲಿಸದೆ ನೋಡಿಕೊಳ್ಳುವ ಏರ್ಪಾಡಾಯಿತು. ಆದರೆ ಹೆರುವ ಎಲ್ಲರನ್ನೂ ಬೆಂಗಳೂರಿಗೆ ಕಳಿಸಲಾಗದು. ಕೊಪ್ಪಳದಲ್ಲೋ ಚಾಮರಾಜನಗರದಲ್ಲೋ ರಾತ್ರಿ ಎರಡು ಗಂಟೆಗೆ ಕೈಗವಸು ಹಾಕಿಕೊಳ್ಳುವ ದಾದಿಯ ಪಠ್ಯದಲ್ಲಿ ಈ ಮಾತು ಬರಬೇಕು, ಪರೀಕ್ಷೆಗೆ ಬರುವ ಪ್ರಶ್ನೆಯಾಗಿ ಬರಬೇಕು. ಪರೀಕ್ಷೆಗೆ ಬಾರದ್ದನ್ನು ನಮ್ಮ ವಿದ್ಯಾರ್ಥಿಗಳು ಓದುವುದಿಲ್ಲವೆಂಬುದನ್ನು ನನ್ನಷ್ಟು ಬಲ್ಲವರು ಯಾರು!

ಆಸ್ಪತ್ರೆಯನ್ನು ಇಷ್ಟು ದೂರಿದ ಮೇಲೆ ಮನೆಯ ಕಡೆಗೆ ತಿರುಗದಿದ್ದರೆ ಅನ್ಯಾಯವಾಗುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಹೆಮ್ಮೆಯ ಪದ್ಧತಿ. ತವರೆಂದರೆ ಜನಪದರ ಬಾಯಲ್ಲಿ ತಂಪು, ನೆರಳು, ಬಾಗಿನ. ಆದರೆ ಹಿಂಸಿಸಿದವನು ಇದ್ದದ್ದೂ ಆ ತವರಿನಲ್ಲೇ ಆದರೆ? ಅವನು ಈಗಲೂ ಅದೇ ಬೀದಿಯಲ್ಲಿದ್ದರೆ, ಹಬ್ಬಕ್ಕೆ ಬರುತ್ತಿದ್ದರೆ, ‘ನಿನ್ನ ಎತ್ತಿ ಆಡಿಸಿದವರಲ್ಲವೇನೆ’ ಎಂದು ತಾಯಿಯೇ ಅವನ ಮುಂದೆ ಬಸುರಿಯನ್ನು ನಮಸ್ಕಾರಕ್ಕೆ ಬಗ್ಗಿಸಿದರೆ? ‘ಹೆರಿಗೆಗೆ ತವರಿಗೆ ಹೋಗಲಾರೆ’ ಎಂದ ಹೆಣ್ಣನ್ನು ನಾವು ಏನೆನ್ನುತ್ತೇವೆ? ಗಂಡನ ಮೋಹ ಬಿಡಲಾರದವಳು, ತಾಯಿಯ ಮೇಲೆ ಪ್ರೀತಿಯಿಲ್ಲದವಳು, ನಗರದ ಬಿಂಕದವಳು. ಕಾರಣ ಕೇಳದೆ ಅವಳ ಮಾತನ್ನು ಒಪ್ಪಿಕೊಂಡರೆ ನಮ್ಮ ಸಂಪ್ರದಾಯವೇನೂ ಮುಳುಗುವುದಿಲ್ಲ. ತಾಯಿಯೇ ಮಗಳ ಮನೆಗೆ ಬಂದು ಬಾಣಂತನ ಮಾಡಬಹುದು, ಎಷ್ಟೋ ಮನೆಗಳಲ್ಲಿ ಈಗ ಮಾಡುತ್ತಿದ್ದಾರೆ ಕೂಡ. ಬಾಣಂತಿಯ ಎಣ್ಣೆಸ್ನಾನವೂ ಹಾಗೆಯೇ. ಬಾಣಂತಿ ನಾಚಬಾರದೆಂದು, ಕೂಲಿಗೆ ಬಂದ ಹೆಂಗಸು ಬಚ್ಚಲಲ್ಲಿ ಮೈಯೆಲ್ಲ ತಿಕ್ಕುತ್ತಾಳೆ. ಹಲವರಿಗೆ ಅದು ಸುಖ. ‘ಬೇಡ, ನಾನೇ ಮಾಡಿಕೊಳ್ಳುತ್ತೇನೆ’ ಎಂದವಳಿಗೆ ನಾಚಿಕೆ ಬಿಡಿಸಲು ಹೊರಡುವ ಹಿರಿಯರು ತಾವು ಏನನ್ನು ಬಿಡಿಸುತ್ತಿದ್ದೇವೆಂದು ಅರಿಯರು.

ಆಮೇಲೆ ತೊಟ್ಟಿಲು, ನಾಮಕರಣ. ಕೂಸನ್ನು ಎಲ್ಲರ ಕೈಗೂ ಕೊಡಬೇಕು. ಹಿರಿಯರು ಕೈಚಾಚಿದಾಗ ಕೊಡದಿದ್ದರೆ ಅಪಮಾನ. ಹೆಣ್ಣು ಮಗುವಾದರೆ ಕೆಲವು ತಾಯಂದಿರು ಅದನ್ನು ಕಣ್ಣಿಂದ ಮರೆಯಾಗಲು ಬಿಡುವುದಿಲ್ಲ. ‘ಅತಿ ಮಾಡುತ್ತಾಳೆ’ ಎಂದು ಮನೆಮಂದಿ ನಗುತ್ತಾರೆ. ಮುಂದೆ ಕಿವಿ ಚುಚ್ಚಿಸುವ ದಿನ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನೂರು ಸೋದರಮಾವಂದಿರಲ್ಲಿ ಬಹುಪಾಲು ಮಂದಿ ಮಗುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಣುವವರೇ; ಅವರಿಗೆ ನನ್ನ ಮಾತು ನೋವಾಗದಿರಲಿ. ಆದರೆ ಒಂದು ಮನೆಯಲ್ಲಿ, ಒಬ್ಬ ತಾಯಿ, ಎಲ್ಲ ನೆಂಟರೂ ನೆರೆದಿರುವಾಗ, ‘ಅವನ ತೊಡೆಯ ಮೇಲೆ ಬೇಡ, ನನ್ನ ಹತ್ತಿರವೇ ಇರಲಿ’ ಎಂದು ಮೆಲ್ಲಗೆ ಹೇಳುತ್ತಾಳೆ. ಅಜ್ಜಿಯಾದವಳು ಆಗ ‘ಯಾಕೆ?’ ಎಂದು ಎಲ್ಲರೆದುರು ಕೇಳದೆ, ಅಕ್ಕಸಾಲಿಗನ ಮುಂದಿನ ಮಣೆಯನ್ನು ಮಗಳ ಕಡೆಗೆ ಸರಿಸಿದರೆ, ಕಿವಿ ಚುಚ್ಚುವ ಕೆಲಸ ಎರಡು ನಿಮಿಷದಲ್ಲಿ ಆಗಿಹೋಗುತ್ತದೆ.